ಮಾವನ ಪಿನ್ನಿನ ಮೇಲೆ ನಿಂತ ಸೇತುವೆ

ಬಂದರಿನ ಪಕ್ಕದ ಹೊಳೆಯ ಮೇಲಿನ ಆ ಹೊಸ ರೈಲು ಸೇತುವೆ ಕಟ್ಟಿದವರು ಯಾರು ಗೊತ್ತೇನ್ರೀ? ಎಂಜಿನಿಯರು, ಗುತ್ತಿಗೆದಾರರು ಅಂತೆಲ್ಲ ಹೇಳಬೇಡಿ. ರಾಜಗೋಪಾಲನಗರದ ನಮ್ಮ ಸೋದರಮಾವ!

ಅವರು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಆಪರೇಟರು. ಸಮುದ್ರ ಕಂಡವರಲ್ಲ. ಆಯುಷ್ಯವೆಲ್ಲ ಲೇತಿನಲ್ಲಿ ಮಾಡಿದ ಬಿಡಿಭಾಗ ಯಾವ ಊರು ಸೇರಿತೋ ಅವರಿಗೇ ತಿಳಿಯದು. ಹೊಳೆಯ ಮೇಲಿನ ಹಳೇ ಸೇತುವೆ ಪಕ್ಕ ಎರಡನೇದು ಏಳುವಾಗ, ಹಳಿ ಹೊರುವ ಅದರ ಉಕ್ಕಿನ ತೊಲೆಯ, ಅಂದರೆ ಗರ್ಡರಿನ, ಕೆಳಗೆ ಕೂರುವ ದಪ್ಪ ಪಿನ್ನುಗಳನ್ನು ಕಡೆಯುವ ಕೆಲಸ ಇವರ ಕೈಗೆ ಬಂತು. ವಿಳಾಸ ಗೊತ್ತಿದ್ದ ಮೊದಲ ಕೆಲಸ! ಅವತ್ತಿನಿಂದ ಮಾವ ಇತಿಹಾಸಕಾರರಾಗಿಬಿಟ್ಟರು. ನಾಮಕರಣವಿರಲಿ, ತಿಥಿಯಿರಲಿ, ಎಲೆ ಮುಂದೆ ಕೂತರೆ ಶುರು.

"ಮೊದ್ಲು ಅಲ್ಲಿ ಬರೀ ದೋಣಿ ಕಣೋ. ಆಮೇಲೆ ಬ್ರಿಟಿಷ್ನೋರು ಕಬ್ಬಿಣದ್ದು ಕಟ್ಟಿದ್ರು. ಉಪ್ಪುಗಾಳಿ ತಿಂದಾಕ್ತು. ಬಂದ್ರಿಗೆ ಗೂಡ್ಸ್ ಗಾಡಿ ಜಾಸ್ತಿ ಆದ್ವು, ಒಂದು ಲೈನು ಸಾಲ್ದೆ ಹೋಯ್ತು. ಆಮೇಲೆ..." ಇಲ್ಲಿ ನಿಲ್ಲಿಸಿ ಸಾರು ಹಾಕಿಸಿಕೊಳ್ಳುವರು. "ಆಮೇಲೆ ನಾನು ಬಂದೆ."

ಅತ್ತೆ ಮಾತ್ರ, "ಬಚ್ಚಲುಮನೆ ಚಿಲಕ ಆರು ತಿಂಗ್ಳಿಂದ ಕಿತ್ತೋಗೈತೆ. ಇತಿಹಾಸಕ್ಕೆ ಅದನ್ನ ನೋಡೋಕೆ ಪುರುಸೊತ್ತಿಲ್ಲ" ಅನ್ನುವರು.

ಆ ಪಿನ್ನುಗಳು ಸೇತುವೆ ಸೇರುವುದೇ ಅನುಮಾನವಾದದ್ದು ಆಯುಧಪೂಜೆಯಿಂದ. ಲೇತಿಗೆ ಪೂಜೆ ಮಾಡಿದ ಮಾವನಿಗೆ ಭಕ್ತಿ ಉಕ್ಕಿ, ತಯಾರಾಗಿದ್ದ ಅಷ್ಟೂ ಪಿನ್ನಿಗೆ ಒಂದೊಂದು ಕುಂಕುಮದ ಬೊಟ್ಟಿಟ್ಟರು. ಮಾಲಿನ ಅಳತೆ ಪರೀಕ್ಷಿಸುವ ಇನ್‌ಸ್ಪೆಕ್ಟರು ರಜೆ ಮುಗಿಸಿ ಬಂದು ನೋಡುತ್ತಾರೆ, ಒಂದೂ ಬಿಡದೆ ಕೆಂಪು! ವರ್ಕ್‌ಶಾಪಿನಲ್ಲಿ ಪಾಸಾದ ಮಾಲಿಗೆ ಹಸಿರು ಬಣ್ಣ, ರಿಜೆಕ್ಟಾದದ್ದಕ್ಕೆ ಕೆಂಪು. ತಾವಿಲ್ಲದಾಗ ಯಾರೋ ರಿಜೆಕ್ಟ್ ಮಾಡಿದ್ದಾರೆಂದು ಎಲ್ಲವನ್ನೂ ಗುಜರಿ ರಾಶಿಗೆ ಸಾಗಹಾಕಿಸಿದರು.

ಮಾವ ಅವರ ಮುಂದೆ ಹೋಗಿ ನಿಂತರು. "ಸಾರ್, ಅದು ದೇವ್ರು ಪಾಸ್ ಮಾಡಿರೋದು."

"ದೇವ್ರು ಅಳತೆ ಹಿಡಿದು ನೋಡಿದ್ನೇನ್ರೀ?"

ಎರಡು ದಿನ ಮಾವನಿಗೆ ಊಟ ಸೇರಲಿಲ್ಲ. ರಾಶಿಯಿಂದ ಒಂದೊಂದೇ ಪಿನ್ನು ಹೆಕ್ಕಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಅಳತೆಗೆ ಕೊಟ್ಟರು. ಅಷ್ಟೂ ಪಾಸಾದವು.

ಹೊಸ ಸೇತುವೆ ಮೇಲೆ ರೈಲು ಓಡತೊಡಗಿದಾಗ ನಾನೇ ಅವರನ್ನು ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಇಡೀ ಬೋಗಿಗೆ ಇತಿಹಾಸದ ಪಾಠ. ಕೊನೆಗೆ ಹೊಳೆ ಕಾಣಿಸಿತು. "ನೋಡಿ ಮಾವ, ಬಂತು" ಅಂದೆ. ತಿರುಗಿದರೆ, ಮಾವ ಕಣ್ಣು ಮುಚ್ಚಿಕೊಂಡು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಾರೆ.

"ಏನಾಯ್ತು ಮಾವ?"

"ಇಷ್ಟು ಜನ ಕೂತವ್ರಲ್ಲೋ ಇದ್ರೊಳಗೆ. ನೀನೇ ನೋಡಿ ಹೇಳು, ಸರಿಯಾಗಿ ನಿಂತೈತಾ?"

ಇಷ್ಟು ವರ್ಷ ಅವರನ್ನು ಗೇಲಿ ಮಾಡಿಕೊಂಡೇ ಬಂದ ನಾನು ಕಿಟಕಿಯಿಂದ ಬಗ್ಗಿ ನೋಡಿದೆ. "ನಿಂತಿದೆ ಮಾವ, ಗಟ್ಟಿಯಾಗಿದೆ" ಅಂದೆ. ರೈಲು ದಡ ಮುಟ್ಟುವವರೆಗೂ ಅವರು ಕಣ್ಣು ತೆರೆಯಲಿಲ್ಲ. ನಾನೂ ಆ ಕೈ ಬಿಡಲಿಲ್ಲ.