ಮೌಶಿಯ ಉಲನ್ನು, ನನ್ನ ಕುತ್ತಿಗೆ

ಹೆದರುವುದಾದರೆ ಮನುಷ್ಯ ಮರ್ಯಾದಸ್ಥ ವಸ್ತುಗಳಿಗೆ ಹೆದರಬೇಕು. ಹಾವಿಗೆ ಹೆದರಿದರೆ ಜನ ಕೋಲು ತರುತ್ತಾರೆ, ಸಿಡಿಲಿಗೆ ಹೆದರಿದರೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ, ಹಲ್ಲಿನ ಡಾಕ್ಟರಿಗೆ ಹೆದರಿದರೆ ತಮ್ಮ ಹಲ್ಲಿನ ಕಥೆಯನ್ನಾದರೂ ಹೇಳುತ್ತಾರೆ. ನನ್ನ ಭಯವನ್ನು ಮಾತ್ರ ಯಾರ ಮುಂದೆಯೂ ಹೇಳಿಕೊಳ್ಳುವ ಹಾಗಿಲ್ಲ. ನಾನು ಹೆದರುವುದು ಉಲನ್ ಉಂಡೆಗೆ. ಅದೂ ತಿಳಿ ಗುಲಾಬಿ, ತಿಳಿ ಹಳದಿ ಬಣ್ಣದ, ಕೂಸುಗಳಿಗೆ ಕುಂಚಿಗೆ ಹೆಣೆಯುವಂಥ, ಬೆಕ್ಕಿನ ಮರಿ ಕೂಡ ಧೈರ್ಯವಾಗಿ ಒದ್ದು ಆಡುವಂಥ ಉಂಡೆಗೆ. ಅದನ್ನು ಕಂಡರೆ ನನ್ನ ಅಂಗೈ ಬೆವರುತ್ತದೆ, ಕುತ್ತಿಗೆ ಒಳಕ್ಕೆ ಹೋಗುತ್ತದೆ. ಈ ರೋಗ ನನಗೆ ಹುಟ್ಟಿನಿಂದ ಬಂದದ್ದಲ್ಲ. ಕಳೆದ ದೀಪಾವಳಿಯ ಆಸುಪಾಸಿನಲ್ಲಿ, ಪುಣೆಯ ರವಿವಾರ ಪೇಠೆಯ ಒಂದು ಅಂಗಡಿಯಲ್ಲಿ ಅಂಟಿಕೊಂಡದ್ದು.

ಮೊದಲು ನನ್ನ ಪರಿಚಯ. ಹೆಸರು ಗುರುರಾಜ, ಬಳಗಕ್ಕೆ ಗುರ್ಯಾ. ಪುಣೆ ಪಕ್ಕದ ಭೋಸರಿಯ ಕಾರ್ಖಾನೆಯೊಂದರಲ್ಲಿ ಉಕ್ಕಿನ ರಿಂಗುಗಳನ್ನು ತಪಾಸಣೆ ಮಾಡುವುದು ನನ್ನ ಉದ್ಯೋಗ. ನನ್ನ ಹತ್ತಿರ ಒಂದು ಗೇಜು ಇದೆ. ರಿಂಗು ಅದರಲ್ಲಿ ಕೂತರೆ ಪಾಸು, ಕೂರದಿದ್ದರೆ ನಪಾಸು. ರಿಂಗಿಗೂ ನನಗೂ ನಡುವೆ ಭಿನ್ನಾಭಿಪ್ರಾಯಕ್ಕೆ ಆಸ್ಪದವೇ ಇಲ್ಲ. ತಲೆ ಉಪಯೋಗಿಸಬೇಕಾಗಿಲ್ಲವಾದ್ದರಿಂದ ಕಂಪನಿಯವರು ನನ್ನನ್ನು ಆರಿಸಿದ್ದಾರೆ. ಉಳಿದ ವೇಳೆಯಲ್ಲಿ ನಾನು ಕಂಡವರ ಧ್ವನಿ ಕದಿಯುತ್ತೇನೆ. ನಮ್ಮ ಸೂಪರ್‌ವೈಜರ್ ಕೆಮ್ಮುವುದನ್ನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತೇನೆ. ಒಮ್ಮೆ ಬಾಗಿಲ ಮರೆಯಲ್ಲಿ ನಿಂತು ಕೆಮ್ಮಿದಾಗ ಚಹಾ ಕುಡಿಯುತ್ತಿದ್ದ ಪಾಳಿ ಇಡೀ ಎದ್ದು ಯಂತ್ರಗಳ ಮುಂದೆ ನಿಂತಿತು, ಸೂಪರ್‌ವೈಜರ್ ಸಮೇತ. ಈ ವಿದ್ಯೆಗೆ ನಾನು ತೆತ್ತ ಬೆಲೆಯೆಂದರೆ, ನನ್ನನ್ನು ಯಾರೂ ನಂಬುವುದಿಲ್ಲ. ಹಾಸ್ಟೆಲಿನಲ್ಲಿದ್ದಾಗ ಅಪೆಂಡಿಕ್ಸು ಕೆರಳಿ ನೆಲದ ಮೇಲೆ ಹೊರಳಾಡಿದರೆ ಗೆಳೆಯರು ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಿಂದ ಒಬ್ಬ "ಒನ್ಸ್ ಮೋರ್" ಎಂದ.

ಪುಣೆಯ ಧನಕವಡಿಯಲ್ಲಿ ನಾನು ಇರುವುದು ನನ್ನ ತಾಯಿಯ ಅಕ್ಕ ಇಂದುಮೌಶಿಯ ಮನೆಯಲ್ಲಿ. ಮೌಶಿ ಗದಗಿನ ಕಡೆಯವಳು. ಲಗ್ನವಾಗಿ ಪುಣೆಗೆ ಬಂದು, ಗಂಡ, ಅಂದರೆ ನಮ್ಮ ಮೌಶಾ, ತೀರಿಕೊಂಡ ಮೇಲೂ ಇಲ್ಲೇ ಉಳಿದವಳು. ಪ್ರತಿ ಶನಿವಾರ ಮಧ್ಯಾಹ್ನ ಅವಳ ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಕ್ರೋಶಾ ಕಡ್ಡಿ ಹಿಡಿದು ಕೂರುತ್ತಾರೆ. ಅರ್ಧ ಕನ್ನಡ, ಅರ್ಧ ಮರಾಠಿ, ಪೂರ್ತಿ ಮಂದಿಯ ಸುದ್ದಿ. ಅದರ ನಡುವೆ ಕೈಗಳು ತಮ್ಮ ಪಾಡಿಗೆ ತಾವು ಕುಂಚಿಗೆ, ಕಾಲುಚೀಲ, ಪುಟ್ಟ ಹೊದಿಕೆಗಳನ್ನು ಹೆಣೆಯುತ್ತಿರುತ್ತವೆ. ಎಲ್ಲ ಸರಕಾರಿ ಆಸ್ಪತ್ರೆಯ ಒಂದು ವಾರ್ಡಿಗೆ, ಅವಸರ ಮಾಡಿಕೊಂಡು ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ, ಪುಕ್ಕಟೆ.

ಆ ವಾರ್ಡಿನ ರಾಣಿ ಫಿಲೋಮಿನಾ ಸಿಸ್ಟರ್. ಮಂಗಳೂರಿನ ಕಡೆಯವರು. ಒಮ್ಮೆ ಮೌಶಿಯ ಮನೆಗೆ ಬಂದು ಉಲನ್ ಹೇಗಿರಬೇಕೆಂದು ಹೇಳಿಹೋದರು. ಆ ಭಾಷಣ ನನಗೆ ಬಾಯಿಪಾಠ, ಹಬ್ಬ ಹರಿದಿನಗಳಲ್ಲಿ ಬೇಡಿಕೆಯ ಮೇರೆಗೆ ಮಾಡಿ ತೋರಿಸುತ್ತೇನೆ: "ನೋಡಿ ಅಮ್ಮ, ಈ ಮಕ್ಕಳ ಚರ್ಮ ಅಂದ್ರೆ ಎಂತ ಗೊತ್ತುಂಟಾ, ಬೇಯಿಸಿದ ಟೊಮೆಟೊದ ಸಿಪ್ಪೆಯ ಹಾಗೆ. ಕುರಿ ಉಣ್ಣೆ ಬೇಡ, ಕೆಂಪು ಏಳ್ತದೆ. ರೋಮ ರೋಮ ಇರುವುದು ಬೇಡ, ಮೂಗಿಗೆ ಹೋಗ್ತದೆ. ಹೆಣಿಗೆಯ ತೂತಿನಲ್ಲಿ ಮಗುವಿನ ಬೆರಳು ಸಿಕ್ಕಬಾರದು. ಕುದಿನೀರಿಗೆ ಹಾಕಿದ್ರೆ ಬಣ್ಣ ಬಿಡಬಾರದು. ಎಲ್ಲಕ್ಕಿಂತ ಮುಖ್ಯ, ಚುಚ್ಚಬಾರದು. ಅವಕ್ಕೆ ಅಳ್ಲಿಕ್ಕೂ ತ್ರಾಣ ಇಲ್ಲ ಮಾರಾಯ್ರೆ, ಚುಚ್ಚಿದ್ರೆ ಯಾರಿಗೆ ಹೇಳ್ತಾವೆ?" ಈ ಕೊನೆಯ ಸಾಲಿಗೆ ಹೆಂಗಸರು ಹೊಟ್ಟೆ ಹಿಡಿದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅದರ ಅರ್ಥವನ್ನು ಯಾರೂ ಕೇಳಿಸಿಕೊಂಡಿರಲಿಲ್ಲ, ಹೇಳುತ್ತಿದ್ದ ನಾನಂತೂ ಇಲ್ಲವೇ ಇಲ್ಲ.

ಉಲನ್ ಆರಿಸುವ ಅಧಿಕಾರ ಮೌಶಿಯದು. ಅವಳ ಬೆರಳುಗಳ ಕೀರ್ತಿ ಅಂಥದ್ದು. ಹಿಟ್ಟನ್ನು ಮುಟ್ಟಿ ಯಾವ ಗಿರಣಿಯದು ಎಂದು ಹೇಳುವವಳು. ಸೀರೆಯ ಸೆರಗು ತಿಕ್ಕಿ ರೇಷ್ಮೆಯಲ್ಲಿ ಎಷ್ಟು ಸುಳ್ಳಿದೆ ಎಂದು ಉಟ್ಟವಳ ಮುಖಕ್ಕೇ ಹೇಳುವವಳು. ಆ ಅಧಿಕಾರದ ಮೇಲೆ ಬಹಳ ದಿನದಿಂದ ಕಣ್ಣಿಟ್ಟವರು ಪ್ರಮೀಳಾ ಕಾಕು. ಅವರು ಮೌಶಿಯ ಜೀವದ ಗೆಳತಿ, ಅಂದರೆ ಮೌಶಿ ಯಾವಾಗ ತಪ್ಪುತ್ತಾಳೆಂದು ಪ್ರೀತಿಯಿಂದ ಕಾಯುತ್ತಿರುವವರು.

ಚಳಿಗಾಲದ ಕುಂಚಿಗೆಗಳಿಗೆ ಉಲನ್ ತರಲು ಮೂವರೂ ಪೇಠೆಗೆ ಹೋದೆವು. ಚೀಲ ಹೊರುವುದಕ್ಕೆ ನಾನು. ಅಂಗಡಿಯ ಶೇಠ್‌ಜಿ ಒಂದು ಹಳದಿ ಉಂಡೆ ಮುಂದೆ ತಳ್ಳಿ, "ಹಾತ್ ಲಾವೂನ್ ಬಘಾ ತಾಯಿ, ಲೋಣಿ ಆಹೆ, ಲೋಣಿ!" ಎಂದ. ಮುಟ್ಟಿ ನೋಡಬೇಕಂತೆ, ಲೋಣಿಯಂತೆ, ಅಂದರೆ ಬೆಣ್ಣೆ. ಅವನ ಅಂಗಡಿಯಲ್ಲಿ ಗೋಣಿದಾರವೂ ಬೆಣ್ಣೆಯೇ. ಮೌಶಿ ಕಣ್ಣು ಮುಚ್ಚಿ, ಎಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ತೀರ್ಪು ಕೊಟ್ಟಳು: "ಇದ ಇರ್ಲಿ. ಖರೇನ ಬೆಣ್ಣಿ ಆಗೇದ."

ಉಂಡೆ ನನ್ನ ಕೈಗೆ ಬಂತು. ಪಾತ್ರೆ ತಿಕ್ಕುವ ನಾರಿಗೆ ಹಳದಿ ಬಣ್ಣ ಬಳಿದಂತಿತ್ತು. ಮೌಶಿ ಶೇಠ್‌ಜಿಯನ್ನು ಚೇಷ್ಟೆ ಮಾಡುತ್ತಿದ್ದಾಳೆಂದು ನಾನು ನಕ್ಕೆ. ಮೌಶಿ ನಗಲಿಲ್ಲ. "ಇದರಾಗ ಎಷ್ಟ ಅದಾವೋ ಎಲ್ಲಾ ತಗೀರಿ" ಎಂದಳು. ಆಗ ನನ್ನ ಕಣ್ಣು ಅವಳ ತೋರುಬೆರಳಿನ ತುದಿಗೆ ಹೋಯಿತು. ಅಲ್ಲಿ ಒಂದು ಬೊಕ್ಕೆ ಇತ್ತು. ಅಂದು ಬೆಳಿಗ್ಗೆ ಮಾತಾಡುತ್ತ ಮಾತಾಡುತ್ತ ರೊಟ್ಟಿಯ ಜೊತೆ ಬೆರಳನ್ನೂ ಹಂಚಿನ ಮೇಲೆ ಒತ್ತಿ ಹಿಡಿದಿದ್ದಳು, ನಾನು "ಮೌಶಿ, ಬೆರಳು!" ಎಂದು ಕೂಗಿದ ಮೇಲೆ ನಿಧಾನವಾಗಿ ನೋಡಿಕೊಂಡು ಸೆರಗಿನಲ್ಲಿ ಅಡಗಿಸಿಕೊಂಡಿದ್ದಳು. ನಾನು ಅದನ್ನು ಶೌರ್ಯವೆಂದು ತಿಳಿದು, ಅವಳ ಹಾಗೆ ಬೆರಳು ನೋಡಿಕೊಳ್ಳುವುದನ್ನು ಆಗಲೇ ಅಭ್ಯಾಸ ಮಾಡಿದ್ದೆ. ಈಗ ಅಂಗಡಿಯಲ್ಲಿ ನಿಂತಾಗ ಅರ್ಥವಾಯಿತು: ಮೌಶಿಯ ಬೆರಳಿಗೆ ಏನೂ ತಿಳಿಯುತ್ತಿಲ್ಲ.

ಹೆದರಿಕೆಯಲ್ಲಿ ಮನುಷ್ಯ ನಿಜ ಹೇಳಿಬಿಡುತ್ತಾನೆ. "ಇದು ಚುಚ್ಚತದ" ಎಂದೆ, ಮಣಿಕಟ್ಟು ಕೆರೆದುಕೊಳ್ಳುತ್ತ. ಪ್ರಮೀಳಾ ಕಾಕು ಕೈತಟ್ಟಿ ನಕ್ಕರು. "ಶುರು ಮಾಡಿದಾ ನೋಡ್ರಿ ಗುರ್ಯಾ! ಹೆಂಗ ಕೆರಕೋತಾನ, ಥೇಟ್ ಮಂಗ್ಯಾ!" ಶೇಠ್‌ಜಿಯೂ ನಕ್ಕ. ನಾನು ಇನ್ನಷ್ಟು ಕೆರೆದುಕೊಂಡೆ, ಅವರು ಇನ್ನಷ್ಟು ನಕ್ಕರು. ನಗುತ್ತ ನಗುತ್ತಲೇ ಕಾಕು, "ತರ್ರಿ ಇಲ್ಲೆ, ನಾನೂ ಒಂದೀಟು ಮುಟ್ಟಿ ನೋಡ್ತೀನಿ" ಎಂದು, ಕೈಯಲ್ಲಿದ್ದ ಎರಡು ಚೀಲಗಳನ್ನು ಇಡಲು ಜಾಗ ಹುಡುಕತೊಡಗಿದರು. ಅವರು ಮುಟ್ಟಿದರೆ ಕೂಸುಗಳು ಉಳಿಯುತ್ತವೆ, ಮೌಶಿ ಹೋಗುತ್ತಾಳೆ. ಮುಟ್ಟದಿದ್ದರೆ ಮೌಶಿ ಉಳಿಯುತ್ತಾಳೆ, ಆ ಟೊಮೆಟೊ ಸಿಪ್ಪೆಯ ಕೂಸುಗಳು ಹಳದಿ ನಾರು ತೊಟ್ಟು ಮಲಗುತ್ತವೆ. ಇಂಥ ಸಂದರ್ಭಕ್ಕೆ ಭೋಸರಿಯಲ್ಲಿ ಯಾವ ಗೇಜೂ ಇಲ್ಲ.

ನಾನು ಉಂಡೆಯನ್ನು ಮೌಶಿಯ ಕೈಗೆ ತುರುಕಿ ಹೊರಗೆ ಓಡಿದೆ. ಎದುರಿನ ಚಹಾ ಗಾಡಿಯ ಹಿಂದೆ ನಿಂತು ಮೌಶಿಗೆ ಫೋನ್ ಹಚ್ಚಿ, ಮೂಗನ್ನು ಒತ್ತಿ ಹಿಡಿದು, "ಹಲೋ, ಇಂದೂ ಅಮ್ಮನಾ? ನಾನು ಸಿಸ್ಟರು, ವಾರ್ಡಿನಿಂದ. ಆ ಹಳದಿ ನೂಲು ಮಾತ್ರ ತರಬೇಡಿ, ಆಯ್ತಾ? ಅದು ಬಣ್ಣ ಬಿಡ್ತದಂತೆ ಮಾರಾಯ್ರೆ" ಎಂದೆ. ಅವಳು ಹಳದಿ ಹಿಡಿದು ನಿಂತದ್ದು ವಾರ್ಡಿನಲ್ಲಿರುವ ಸಿಸ್ಟರಿಗೆ ಹೇಗೆ ಕಾಣಿಸಿತು ಎಂಬುದು ನನಗೆ ಹೊಳೆಯಲಿಲ್ಲ.

ಆಚೆಯಿಂದ ಮೌಶಿ, ಕಾಕುವಿಗೆ ಕೇಳುವಷ್ಟು ಜೋರಾಗಿ, "ಹೌದ್ರಿ ಸಿಸ್ಟರ್. ಆತ್ರಿ ಸಿಸ್ಟರ್. ಹಳದಿ ಬ್ಯಾಡಂದ್ರ ಬ್ಯಾಡ ಬಿಡ್ರಿ" ಎಂದಳು. ನಾನು ಉಸಿರು ಬಿಡುವಷ್ಟರಲ್ಲಿ, "ಸಿಸ್ಟರ್, ನೆಗಡಿ ಆಗೇದೇನ್ರಿ? ಗಂಟಲು ಗಂಡಸರಂಗ ಬರ್ಲಿಕತ್ತದ. ಒಂದು ಚಹಾ ಕುಡದು ಬರ್ರಿ, ಅಲ್ಲೇ ಗಾಡಿ ಅದ ಅಲ್ಲಾ" ಎಂದು ಫೋನ್ ಇಟ್ಟಳು. ಅವಳ ಫೋನಿನಲ್ಲಿ ನನ್ನ ಹೆಸರಿನ ಜೊತೆಗೆ ನಾನು ನಾಲಿಗೆ ಚಾಚಿದ ಫೋಟೊ ಕೂಡ ಮೂಡುತ್ತದೆಂಬುದು ಆಗ ನೆನಪಾಯಿತು. ಗಾಡಿಯವನು ನನ್ನ ಮುಖ ನೋಡಿ, ಕೇಳದೆಯೇ ಒಂದು ಗ್ಲಾಸು ನೀರು ಕೊಟ್ಟ.

ಅಂದು, ಕಾಕು ಉಂಡೆ ಮುಟ್ಟುವ ಮೊದಲೇ, ಬರಿಗೈಯಲ್ಲಿ ಹೊರಟೆವು. ಕಾಕು ಸ್ವಾರಗೇಟಿನಲ್ಲಿ ಇಳಿದುಹೋದರು. ರಿಕ್ಷಾ ಮುಂದೆ ಹೋಗುತ್ತಿದ್ದಂತೆ ನಾನು ಬೈಗುಳಕ್ಕೆ ಕಿವಿ ಸಿದ್ಧಮಾಡಿಕೊಂಡು ಕೂತೆ. ಮೌಶಿ ಹೊರಗೆ ನೋಡುತ್ತಲೇ ಕೇಳಿದಳು: "ಎಷ್ಟು ಚುಚ್ಚತಿತ್ತೋ?"

"ಪಾತ್ರೆ ತಿಕ್ಕೋ ನಾರಿನಂಗ ಇತ್ತು, ಮೌಶಿ."

ಅವಳು ತನ್ನ ಬೆರಳುಗಳನ್ನು ಯಾರದೋ ವಸ್ತುವನ್ನು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದಳು. "ಮೊದಲ ಎಡಗೈ ಹೋತು. ಬಲಗೈ ಒಂದೀಟು ಉಳದದ ಅನಕೊಂಡಿದ್ದೆ. ಸಕ್ರಿ ಬ್ಯಾನಿ ಇದ್ದವ್ರಿಗೆ ಹಿಂಗ ಆಗತದಂತ, ಡಾಕ್ಟರು ಹೇಳ್ಯಾರ. ಹೆಣಿಯೂದು ಕಣ್ಣಿಲೆ ಹೆಣಿತೀನಿ. ಆರಿಸೂದು ಕಣ್ಣಿಲೆ ಆಗಂಗಿಲ್ಲಲೋ."

"ಮತ್ತ ಎಲ್ಲಾರಿಗೂ ಹೇಳಿಬಿಡಬಾರದ?"

"ಹೇಳಿದ್ರ ಏನಂತಾರ ಹೇಳು. 'ಇಂದೂತಾಯಿ, ನೀವು ಕೂಡ್ರಿ, ಚಹಾ ತಗೋರಿ, ನಾವು ನೋಡ್ಕೋತೀವಿ' ಅಂತಾರ. ಒಮ್ಮೆ ಕೂಡಿಸಿದ್ರಂದ್ರ ಮತ್ತ ಯಾರೂ ಎಬ್ಬಸಂಗಿಲ್ಲ." ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, "ಹೆದರಿಕಿ ಬರ್ತದೋ ಗುರ್ಯಾ. ಪ್ರಮೀಳಾಗ ಅಲ್ಲ. ಆ ಕೂಸುಗಳಿಗೆ" ಎಂದಳು.

ನಾನು ನನ್ನ ಇಡೀ ಧ್ವನಿ ಭಂಡಾರವನ್ನು ತಡಕಾಡಿದೆ. ಆ ಹೊತ್ತಿಗೆ ಹೊಂದುವ ಒಂದು ಧ್ವನಿಯೂ ಸಿಗಲಿಲ್ಲ. ಮೌಶಿ ನನ್ನ ಕುತ್ತಿಗೆಯನ್ನು ನೋಡುತ್ತಿದ್ದಳು, ಕೋಳಿ ಕೊಳ್ಳುವವರು ನೋಡುವ ಹಾಗೆ. "ನಿನ್ನ ಕುತ್ತಿಗಿ ಭಾಳ ನಾಜೂಕು. ಸಣ್ಣವ ಇದ್ದಾಗ ಸ್ವೆಟರ್ ಹಾಕಿದ್ರ ಓಣಿ ಕೂಡೂಹಂಗ ಅಳತಿದ್ದಿ. ಮುಂದಿನ ಶನಿವಾರ ಉಂಡಿ ಅಲ್ಲೇ ಹಿಡಿತೀನಿ, ಬಣ್ಣ ನೋಡಿದ್ಹಂಗ. ಚುಚ್ಚಿದ್ರ ಕಿವಿ ಕೆರಕೋ, ಇಲ್ಲಾಂದ್ರ ಸುಮ್ಮನಿರು. ಆದ್ರ ಖರೇ ಕೆರಕೋಬೇಕು ನೋಡು. ನಿನ್ನ ನಾಟಕ ಅಲ್ಲಿ ಬ್ಯಾಡ." ನಿಟ್ಟುಸಿರು ಬಿಟ್ಟು ಸೇರಿಸಿದಳು: "ಹೋಗಿ ಹೋಗಿ ನಿನ್ನ ನಂಬೂ ಪಾಳಿ ಬಂತು, ನನ್ನ ಕರ್ಮ."

ಆ ವಾರ ನಾನು ಅನುಭವಿಸಿದ ಭಯವನ್ನು ಶತ್ರುವಿಗೂ ಬಯಸುವುದಿಲ್ಲ. ಕಂಡಕಂಡದ್ದನ್ನು ಕುತ್ತಿಗೆಗೆ ಒತ್ತಿ ಅಭ್ಯಾಸ ಮಾಡಿದೆ: ಟವೆಲ್ಲು, ಕಾಲುಚೀಲ, ಕಾರ್ಖಾನೆಯಲ್ಲಿ ಎಣ್ಣೆ ಒರೆಸುವ ಹತ್ತಿ. ನಾಲ್ಕನೆಯ ದಿನಕ್ಕೆ ಕುತ್ತಿಗೆ ಕೆಂಪಾಗಿ, ಅಂಗಿಯ ಕಾಲರೇ ಚುಚ್ಚತೊಡಗಿತು. ಊಟದ ವೇಳೆಯಲ್ಲಿ ಯಾರ ಕೆಮ್ಮನ್ನೂ ಕೆಮ್ಮಲಿಲ್ಲ, ಸೂಪರ್‌ವೈಜರ್ ತಾವೇ ಬಂದು "ತಬ್ಯೇತ್ ಬರೀ ಆಹೆ ನಾ?" ಎಂದು ಆರೋಗ್ಯ ವಿಚಾರಿಸಿದರು.

ಶನಿವಾರ ಮತ್ತೆ ಅದೇ ಅಂಗಡಿ, ಅದೇ ಬೆಣ್ಣೆ. ಮೌಶಿ ಒಂದು ಗುಲಾಬಿ ಉಂಡೆಯನ್ನು ನನ್ನ ಕುತ್ತಿಗೆಗೆ ಹಿಡಿದಳು. "ಕೂಸಿನ ಕುಂಚಗಿ ಬಣ್ಣ ಈ ಕತ್ತಿಗೆ ಹಿಡದ್ರ ಏನ್ ತಿಳೀತದ್ರಿ?" ಎಂದರು ಪ್ರಮೀಳಾ ಕಾಕು. "ಇಂವ ಇನ್ನೂ ಕೂಸ ಅದಾನ, ನಡೀತದ" ಎಂದಳು ಮೌಶಿ. ಅವಳ ಕಣ್ಣು ಮಾತ್ರ ನನ್ನ ಮುಖ ಬಿಟ್ಟು ಕದಲಲಿಲ್ಲ. ಚುಚ್ಚುತ್ತಿತ್ತೇ? ಬೆವರಿಗೆ ಕೆರೆತವೋ, ಭಯಕ್ಕೋ, ಉಲನ್ನಿಗೋ? ಊರ ಜನರ ಮುಖಗಳನ್ನೆಲ್ಲ ಹಾಕಿಕೊಂಡು ತಿರುಗಿದ ನನಗೆ ನನ್ನ ಕುತ್ತಿಗೆಗೆ ಏನಾಗುತ್ತಿದೆ ಎಂಬುದೇ ತಿಳಿಯದು. ಕಡೆಗೆ, ಗುರುರಾಜನೆಂಬವನೊಬ್ಬ ಇಲ್ಲಿದ್ದಿದ್ದರೆ ಏನು ಮಾಡುತ್ತಿದ್ದ ಎಂದು ಯೋಚಿಸಿ, ಅವನ ಹಾಗೆ ಕಿವಿ ಕೆರೆದುಕೊಂಡೆ. ಗುಲಾಬಿ ಹಿಂದಕ್ಕೆ ಹೋಯಿತು. ನೀಲಿ ಬಂತು, ಕೆರೆದುಕೊಂಡೆ. ಶೇಠ್‌ಜಿಯ ಮುಖ ಸಣ್ಣಗಾಯಿತು. ತಿಳಿ ಹಸಿರು ಬಂದಾಗ ಕಣ್ಣು ಮುಚ್ಚಿದೆ. ಕೆರೆತವಿಲ್ಲ, ಕಚಗುಳಿಯಿಲ್ಲ. ಏನೂ ಇಲ್ಲ ಎಂಬುದೇ ಇನ್ನೊಂದು ಹೆದರಿಕೆ. ನನ್ನ ಕುತ್ತಿಗೆಯೂ ಮೌಶಿಯ ಬೆರಳಿನಂತೆ ಆಗಿಹೋಯಿತೇ?

"ಖರೇನಾ?" ಮೌಶಿ ಪಿಸುಗುಟ್ಟಿದಳು.

"ಖರೇ, ಮೌಶಿ."

ಆ ಹಸಿರೇ ಕುಂಚಿಗೆಗಳಾಯಿತು. ಕುದಿನೀರಿನಲ್ಲಿ ಬಣ್ಣ ಬಿಡಲಿಲ್ಲ. ಹೆಂಗಸರೆಲ್ಲ ಕೆನ್ನೆಗೆ ಒತ್ತಿಕೊಂಡು "ಇಂದೂತಾಯಿ ಕೈ ಅಂದ್ರ ಕೈ" ಎಂದರು, ಪ್ರಮೀಳಾ ಕಾಕು ಕೂಡ, ಸ್ವಲ್ಪ ಬೇಸರದಿಂದ. ಆದರೆ ಅವರ ಕೆನ್ನೆಗಳು ಮಾತಾಡಬಲ್ಲ ಕೆನ್ನೆಗಳು. ನನ್ನ ಭಯ ಅದರಿಂದ ಇಳಿಯಲಿಲ್ಲ.

ಉಳಿದ ಕುಂಚಿಗೆಗಳ ಚೀಲ ಹೊತ್ತು ಮೌಶಿಯ ಜೊತೆ ವಾರ್ಡಿಗೆ ಹೋದ ದಿನ ಫಿಲೋಮಿನಾ ಸಿಸ್ಟರ್ ನಮ್ಮನ್ನು ಗಾಜಿನ ಈಚೆ ನಿಲ್ಲಿಸಿದರು. "ಹೋದ ವಾರ ಕೊಟ್ಟ ಮೊದಲಿನ ಕುಂಚಿಗೆ ಅಗೋ ಆ ಕಡೆಯ ಹುಡುಗಿಗೆ ಹಾಕಿದ್ದು, ನೋಡಿ." ತಿಳಿ ಹಸಿರು ಕುಂಚಿಗೆಯೊಳಗೆ ಒಂದು ನಿಂಬೆಹಣ್ಣಿನಷ್ಟು ಮುಖ. ನಾನು ಮೂಗನ್ನು ಗಾಜಿಗೆ ಒತ್ತಿ ನಿಂತೆ. ಆ ಮುಖ ಸುಕ್ಕಾಯಿತು. ಹುಬ್ಬೇ ಇಲ್ಲದ ಜಾಗದಲ್ಲಿ ಹುಬ್ಬು ಗಂಟಿಕ್ಕಿತು. ಚುಚ್ಚುತ್ತಿದೆ. ನನ್ನ ಕೈ ಕಿವಿಗೆ ಹೋಯಿತು. ಕೂಸು ತುಟಿ ಸೊಟ್ಟ ಮಾಡಿತು, ಬಾಯಿ ತೆರೆಯಿತು, ಇನ್ನೂ ತೆರೆಯಿತು, ಅಷ್ಟು ಸಣ್ಣ ಮುಖದಲ್ಲಿ ಅಷ್ಟು ದೊಡ್ಡ ಬಾಯಿ ಎಲ್ಲಿತ್ತೋ. ಆಮೇಲೆ ಒಂದು ಉದ್ದನೆಯ ಆಕಳಿಕೆ ಮುಗಿಸಿ, ತುಟಿ ಚಪ್ಪರಿಸಿ, ಕುಂಚಿಗೆಗೆ ಕೆನ್ನೆ ಆನಿಸಿ ಮಲಗಿಬಿಟ್ಟಿತು.

ಪಕ್ಕಕ್ಕೆ ತಿರುಗಿದರೆ, ಮೌಶಿ ಕೂಸನ್ನು ನೋಡುತ್ತಲೇ ಇರಲಿಲ್ಲ. ಅಂಗಡಿಯಲ್ಲಿ ನೋಡಿದ ಹಾಗೆಯೇ ನನ್ನ ಮುಖವನ್ನು ನೋಡುತ್ತಿದ್ದಳು. ಗಾಜಿನಲ್ಲಿ ನನಗೂ ಅದು ಕಂಡಿತು: ಕೂಸಿನ ಹಾಗೆಯೇ ಹುಬ್ಬು ಗಂಟಿಕ್ಕಿ, ತುಟಿ ಸೊಟ್ಟ ಮಾಡಿ, ಗಂಟಲು ಕಾಣುವಷ್ಟು ಅಗಲ ತೆರೆದ ಒಂದು ಬಾಯಿ.

"ಮುಚ್ಚೋ ಅದನ್ನ," ಎಂದಳು ಮೌಶಿ, "ಕೂಸು ಎದ್ದು ನೋಡಿದ್ರ ಹೆದರೀತು."