ಆಫೀಸಿಗೆ ಬಂದ ರೊಟ್ಟಿಬುತ್ತಿ

ನಮ್ಮ ಚಿಗವ್ವನ ಮುಂದೆ ‘ನೀವು ನಮ್ಮ ಮನೆಯವರಿದ್ದಂತೆ’ ಎಂದು ಬಾಯಿತಪ್ಪಿಯೂ ಅನ್ನಬೇಡಿ. ನಂಬಿಬಿಡುತ್ತಾಳೆ! ಗೋವಾದ ಬೀಚಿನಲ್ಲಿ ಮಣಿಸರ ಮಾರುವಾಗ ಪ್ರವಾಸಿಯೊಬ್ಬ ‘ನೀವು ನನ್ನ ತಾಯಿಯಿದ್ದಂತೆ’ ಎಂದ. ಸರದ ಬೆಲೆ ಇಳಿಯಲಿಲ್ಲ. ಮಗನ ಕೈಯ ಬಿಯರ್ ಬಾಟಲಿಯನ್ನು ಮಾತ್ರ ಕಿತ್ತು ಮರಳಿಗೆ ಸುರಿದಳು!

ಇಂಥವಳಿಗೆ ನಾನು ನಮ್ಮ ಸಾಹೇಬನನ್ನು ಅಣಕಿಸಿ ತೋರಿಸಬಹುದಿತ್ತೇ? ಪಣಜಿಯ ನಮ್ಮ ಸಾಫ್ಟ್‌ವೇರ್ ಕಂಪನಿಯಲ್ಲಿ ದಿನವೂ ಅವನದೊಂದೇ ಮಂತ್ರ: ‘ನಾವೆಲ್ಲ ಒಂದೇ ಕುಟುಂಬ!’ ಎಂಥ ಕುಟುಂಬವೋ! ಜ್ವರ ಬಂದರೆ ನಾಟಕ, ರವಿವಾರ ಫೋನ್ ಎತ್ತದಿದ್ದರೆ ದ್ರೋಹ, ತಪ್ಪಾದರೆ ಎಲ್ಲರೆದುರು ಮಂಗಳಾರತಿ. ಊರಾಚೆ ಚಿಂಬಲ್‌ನ ನಮ್ಮ ಬಾಡಿಗೆ ಖೋಲಿಯಲ್ಲಿ ನಾನು ಸಾಹೇಬನಂತೆ ಕೈ ಚಾಚಿ ಮಂತ್ರ ಹೇಳಿದರೆ ಎಲ್ಲರೂ ನಕ್ಕರು. ಚಿಗವ್ವ ಮಾತ್ರ, ‘ಭಾಳ ದೊಡ್ಡ ಮನಸ್ಸಿನವ ಅದಾನ ಬಿಡು’ ಎಂದಳು.

ಆಮೇಲೆ ನನ್ನ ಪಕ್ಕದ ಸೀಟಿನ ವಾಸ್ಕೋ ಹುಡುಗನ ತಂದೆ ತೀರಿಕೊಂಡರು. ಅವರೂ ನಮ್ಮಂತೆ ಉತ್ತರ ಕರ್ನಾಟಕದ ಕಡೆಯವರೇ, ಬಂದರಿನಲ್ಲಿ ಹಮಾಲಿ ಮಾಡಿದವರು. ಮೂರನೆಯ ದಿನವೇ ಸಾಹೇಬ ಹುಡುಗನನ್ನು ಕರೆಸಿದ: ‘ಬಾ, ಕೆಲಸದಲ್ಲಿ ದುಃಖ ಮರೆಯುತ್ತೆ. ಬರದಿದ್ದರೆ ಇನ್ನು ಬರುವುದೇ ಬೇಡ!’ ಮನೆಯಲ್ಲಿ ತಾಯಿ ಒಬ್ಬಳೇ. ಹುಡುಗ ಬಂದು ಕಲ್ಲಿನಂತೆ ಕೂತ.

ಸಂಜೆ ಇದನ್ನು ಮನೆಯಲ್ಲಿ ಹೇಳಿದೆ. ಮರುದಿನ ಮಧ್ಯಾಹ್ನ ಆಫೀಸಿನ ಬಾಗಿಲಲ್ಲಿ ಚಿಗವ್ವ! ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಬಳಗದವರೇ ಬುತ್ತಿ ಒಯ್ಯಬೇಕು. ಕಂಕುಳಲ್ಲಿ ರೊಟ್ಟಿ ಗಂಟು. ಬಂದವಳೇ ಕಾಫಿ ಮಷೀನಿನ ಪ್ಲಗ್ ಕಿತ್ತಳು.

‘ಯಾರಿವಳು?’ ಸಾಹೇಬ ಹಿಂದಿಯಲ್ಲಿ ಗುಡುಗಿದ.

‘ಒಂದ ಕುಟುಂಬ ಅಂತೀರಂತಲ್ರೀ? ಸಾವಾದ ಮನ್ಯಾಗ ಒಲಿ ಹಚ್ಚತಾರೇನ್ರಿ? ಹಿರ್ಯಾರು ನೀವು, ಮಣ್ಣು ಕೊಡಾಕರೆ ಹೋಗಿದ್ರೇನು?’

ಸಾಹೇಬನಿಗೆ ಕನ್ನಡ ಬಾರದು. ‘ಏನಂತಾಳೆ?’ ಎಂದು ನನ್ನತ್ತ ತಿರುಗಿದ. ಮೆತ್ತಗೆ ಮಾಡಿ ಹೇಳಬಹುದಿತ್ತು, ನೌಕರಿ ಉಳಿಯುತ್ತಿತ್ತು. ಆದರೆ ಅಣಕಿಸುವ ಹಾಳು ಚಾಳಿ ನೋಡಿ, ಸೊಂಟಕ್ಕೆ ಕೈಯಿಟ್ಟು, ಅವಳದೇ ದನಿಯಲ್ಲಿ, ಒಂದಕ್ಷರ ಬಿಡದೆ ಹಿಂದಿಯಲ್ಲಿ ಒಪ್ಪಿಸಿದೆ!

‘ಇದು ಆಫೀಸು! ಮನೆಯಲ್ಲ!’

‘ಹಂಗಾರ ದಿನಾ ಯಾಕ ಸುಳ್ಳ ಹೇಳ್ತೀರಿ?’

ಇದಕ್ಕೆ ತರ್ಜುಮೆಯೇ ಬೇಕಾಗಲಿಲ್ಲ. ಸಾಹೇಬ ತನ್ನ ಗಾಜಿನ ಕೋಣೆ ಸೇರಿದ.

ಚಿಗವ್ವ ಹುಡುಗನ ಪಕ್ಕ ಕೂತು ರೊಟ್ಟಿ ಮುರಿದು ಕೈಗಿಟ್ಟಳು. ‘ನಿಮ್ಮಪ್ಪನ ಹೆಸರೇನೋ, ಮಗಾ?’

ಆಫೀಸಿನ ನಮ್ಮ ಇಡೀ ‘ಕುಟುಂಬ’ದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಕೂಡ.

ಹುಡುಗ ಹೆಸರು ಹೇಳಿದ. ಹೇಳುತ್ತಲೇ, ಮೊದಲ ಸಲ, ಅತ್ತ. ಸತ್ತವರ ಕಣ್ಣು ಮುಚ್ಚುವಷ್ಟು ಮೆಲ್ಲಗೆ ಚಿಗವ್ವ ಅವನ ಲ್ಯಾಪ್‌ಟಾಪ್ ಮುಚ್ಚಿದಳು.

‘ಏಳು. ಅವ್ವ ಒಬ್ಬಾಕಿನ ಅದಾಳ.’

ಅವನು ಎದ್ದ.