ನಮ್ಮ ಅತ್ತೆ ಮತ್ತು ಚರ್ಚಿನ ಬೇಳೆ ಊಟ

ನಮ್ಮ ಸೋದರತ್ತೆಗೆ ಬರಿಗೈ ಕಂಡರೆ ಕಣ್ಣು ಉರಿಯುತ್ತದೆ, ಕೆಲವರಿಗೆ ಹೊಗೆ ಕಂಡರೆ ಉರಿಯುವ ಹಾಗೆ! ಎದುರಿಗೆ ಬಂದವರ ಕೈಯಲ್ಲಿ ಏನಾದರೂ ಇರಲೇಬೇಕು. ಪೊರಕೆ, ಬಕೆಟ್ಟು, ಸೌಟು, ಏನೂ ಇಲ್ಲದಿದ್ದರೆ ಯಾರದಾದರೂ ಕೂಸು. ಉದಗೀರದ ನಮ್ಮ ಚರ್ಚಿಗೆ ಹೊಸಬರು ಬಂದರೆ ಸಭಾಪಾಲಕರು ಮೊದಲು ಕೈ ಕುಲುಕುತ್ತಾರೆ. ಆಮೇಲೆ ಮೆಲ್ಲಗೆ, "ಅಲ್ಲಿ ಬಿಳಿ ಸೀರಿ ಉಟ್ಕೊಂಡು ಒಬ್ರು ಅದಾರ ನೋಡ್ರಿ, ಆ ಕಡಿ ಹೋಗಬ್ಯಾಡ್ರಿ" ಎನ್ನುತ್ತಾರೆ. ಹೇಳಿ ಏನು ಉಪಯೋಗ? ಅಷ್ಟರಲ್ಲಿ ಅತ್ತೆಯೇ ಈ ಕಡೆ ಬಂದಿರುತ್ತಾಳೆ.

ಅಪ್ಪನ ತಂಗಿ ಅವಳು. ದವಾಖಾನೆಯ ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ಸೇರಿ ಅಲ್ಲೇ ನೌಕರಿ ಮುಗಿಸಿದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, "ಟೈಮ್ ಎಲ್ಲಿತ್ತವಾ? ನೀವೆಲ್ಲಾ ಲೈನ್ ಹಚ್ಚಿ ಹುಟ್ಟಲತ್ತಿದ್ರಿ!" ಎನ್ನುತ್ತಾಳೆ. ಊರು ಹೆರುವುದನ್ನು ನಿಲ್ಲಿಸಲಿಲ್ಲ, ದವಾಖಾನೆಯವರು ಮಾತ್ರ ಅವಳಿಗೆ ನಿವೃತ್ತಿ ಕೊಟ್ಟರು. ಉಳಿದಿದ್ದ ಶಕ್ತಿಯೆಲ್ಲ ಚರ್ಚಿನ ಮೇಲೆ ಬಿತ್ತು. ಚರ್ಚಿನ ಮೇಲೆ ಎಂದರೆ ನನ್ನ ಮೇಲೆ.

ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ವರ್ಷವೆಲ್ಲ ಕಂಡವರ ಮಕ್ಕಳಿಗೆ ಮಗ್ಗಿ ಉರುಹೊಡೆಸಿ ಗಂಟಲು ಹರಿದುಕೊಂಡವಳಿಗೆ ಬೇಸಿಗೆ ರಜೆಯಲ್ಲಿ ಇರುವುದು ಒಂದೇ ಆಸೆ. ಕೂಲರ್ ಮುಂದೆ ಒದ್ದೆ ಟವೆಲ್ಲಿನ ಹಾಗೆ ಬಿದ್ದಿರಬೇಕು. ಇದು ದೊಡ್ಡ ಆಸೆಯೇ? ಅತ್ತೆಯ ಪ್ರಕಾರ ಮಹಾಪಾಪ. ಪ್ರತಿ ವರ್ಷ ನನ್ನನ್ನು ಕೇಳದೆಯೇ ಸ್ವಯಂಸೇವಕಿಯನ್ನಾಗಿ ಮಾಡಿಬಿಡುತ್ತಾಳೆ. ಸ್ವಯಂ ಅವಳದು, ಸೇವೆ ನನ್ನದು!

ಹೋದ ವರ್ಷ ಮಕ್ಕಳ ಬೇಸಿಗೆ ಬೈಬಲ್ ಶಾಲೆಯಲ್ಲಿ, ತಿಮಿಂಗಿಲ ನುಂಗಿ ಮತ್ತೆ ದಡಕ್ಕೆ ಕಾರಿದ ಪ್ರವಾದಿ ಯೋನನ ನಾಟಕ. ನನಗೆ ತಿಮಿಂಗಿಲದ ಪಾತ್ರ. "ನಿನ್ನ ಮೈಗಿ ಬರೋಬ್ಬರಿ ಕುಂದರ್ತದ" ಎಂದಳು ಅತ್ತೆ. ಕರಿ ಟಾರ್ಪಾಲು ಹೊದಿಸಿ, ಬೇವಿನ ಮರದ ಕೆಳಗೆ ನಾಲ್ಕು ಕಾಲಿನ ಮೇಲೆ ನಿಲ್ಲಿಸಿದಳು. ಉದಗೀರದ ಮೇ ತಿಂಗಳ ಬಿಸಿಲು! ಯೋನನಾಗಿದ್ದ ಸಭಾಪಾಲಕರ ಮಗಳನ್ನು ಹೇಗೋ ನುಂಗಿದೆ. ಒಳಗೆ ಬಂದ ಹುಡುಗಿ ಬೆವರು ಒರೆಸಿಕೊಂಡು, "ಆಂಟೀ, ಭಾಳ ಶೆಕಿ ಅದರಿ. ಲಗೂ ಕಾರ್ರಿ" ಎಂದು ಅಂಗಲಾಚಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಹೊರಗಿನಿಂದ ಅತ್ತೆಯ ದನಿ: "ಏ ತಡಿ! ಯೋನನ ಪ್ರಾರ್ಥನಾ ಮುಗೀಲಿ, ಆಮ್ಯಾಲ ಕಾರು!"

ಯೋನನ ಪ್ರಾರ್ಥನೆ ಎಷ್ಟು ಉದ್ದ ಎಂದು ನನಗೆ ಅಂದು ತಿಳಿಯಿತು. ಗಡಿಯ ಊರಾದ್ದರಿಂದ ನಮ್ಮದು ಎರಡು ಭಾಷೆಯ ಸಭೆ. ಕನ್ನಡದಲ್ಲಿ ಒಮ್ಮೆ ಓದಿದರು, ಮರಾಠಿಯಲ್ಲಿ ಇನ್ನೊಮ್ಮೆ ಓದಿದರು. ಅಷ್ಟು ಹೊತ್ತಿಗೆ ಯೋನನೂ ತಿಮಿಂಗಿಲವೂ ಒಟ್ಟಿಗೇ ದೇವರಿಗೆ ಮೊರೆಯಿಡುತ್ತಿದ್ದೆವು.

ಈ ವರ್ಷ ಹಾಗಾಗಲು ಬಿಡುವುದಿಲ್ಲವೆಂದು ನಿಶ್ಚಯಿಸಿದ್ದೆ. ಚಳಿಗಾಲದಲ್ಲಿ ಅವ್ವ ತೀರಿಕೊಂಡಿದ್ದಳು. ಆಮೇಲೆ ನನಗೆ ಯಾವುದರಲ್ಲೂ ಮನಸ್ಸಿರಲಿಲ್ಲ. ಬೆಳಿಗ್ಗೆ ಎದ್ದಾಗಲೇ ದಣಿವು, ಮಲಗುವಾಗಲೂ ಅದೇ ದಣಿವು. ಅಂಥದರಲ್ಲಿ ಏಪ್ರಿಲ್ ತಿಂಗಳ ಬಿರುಗಾಳಿಗೆ ಚರ್ಚಿನ ಸಭಾಭವನದ ತಗಡು ಹಾರಿಹೋಯಿತು. ಮಕ್ಕಳ ಶಾಲೆ, ಹೆಂಗಸರ ಕೂಟ, ಬಡವರ ಮದುವೆ, ಎಲ್ಲವೂ ನಡೆಯುವುದು ಅಲ್ಲೇ. ಮಳೆಗಾಲದೊಳಗೆ ಮಾಡು ಹೊದಿಸಲೇಬೇಕು. ಹಣ ಕೂಡಿಸಲು ಊಟದ ಕೂಪನ್ ಮಾರುವುದೆಂದು ಸಭೆ ತೀರ್ಮಾನಿಸಿತು. ತರುಣರು ಬಿರಿಯಾನಿ ಎಂದರು. ಅತ್ತೆ ಎದ್ದಳು.

"ಬಿರಿಯಾನಿ ಮಾಡಿದ್ರ ನಮ್ಮ ಮಂದಿನೇ ಉಂಡು ಹೋಗ್ತಾರ. ರೊಕ್ಕ ಈ ಕಿಸೆದಾಗಿಂದು ಆ ಕಿಸೆದಾಗ! ಬ್ಯಾಳಿ ಅನ್ನ ಮಾಡ್ರಿ, ಮೋಂಢಾ ಪೂರಾ ಬರ್ತದ."

ಮೋಂಢಾ ಎಂದರೆ ನಮ್ಮೂರ ಕಾಳಿನ ಪೇಟೆ, ಅಲ್ಲಿಯ ವ್ಯಾಪಾರಿಗಳು ಹೆಚ್ಚಾಗಿ ಮಾಂಸ ಮುಟ್ಟದವರು. ಮರುದಿನ ಬೆಳಿಗ್ಗೆ ನನ್ನ ಬಾಗಿಲಿಗೆ ಆಟೋ ಬಂತು. ಒಳಗೆ ಅತ್ತೆ.

"ಅತ್ತಿ, ನನ್ನ ಕೈಲಿ ಆಗಂಗಿಲ್ಲ. ಮೈಯಾಗ ಆರಾಮಿಲ್ಲ."

"ಆರಾಮಿಲ್ದೋರ್ನ ಎತ್ತಿ ಗಾಡ್ಯಾಗ ಹಾಕೋದೇ ನನ್ನ ನೌಕರಿ ಇತ್ತು. ಏರು."

ಏರಿದೆ. ಜಗಳಕ್ಕೂ ತ್ರಾಣ ಬೇಕಲ್ಲ!

ಮೋಂಢಾದಲ್ಲಿ ದುಂಡನೆಯ ಶೇಟಜಿ ಒಬ್ಬರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂತಿದ್ದರು. ಅತ್ತೆಯನ್ನು ಕಂಡದ್ದೇ ಮುಖ ಸಣ್ಣದಾಯಿತು.

"ಸಿಸ್ಟರಬಾಯಿ, ನಮ್ಮ ಮಠದ ದಾಸೋಹಕ್ಕ ಮೊನ್ನಿನೇ ಕೊಟ್ಟೀವ್ರಿ. ಧಂದಾ ಪೂರಾ ಥಂಡ ಅದ."

"ಧಂದಾ ಥಂಡ ಅದ? ಹುಟ್ಟಿದಾಗ ನೀನೂ ಥಂಡೇ ಇದ್ದಿ, ತಮ್ಮಾ. ಅಳಲೇ ಇಲ್ಲ. ಕಾಲು ಹಿಡದು, ತಲಿ ತೆಳಗ ಮಾಡಿ, ಕುಂಡಿ ಮ್ಯಾಲ ಒಂದು ಬಿಟ್ಟೆ ನೋಡು, ಆವಾಗ ಬಾಯಿ ಬಿಟ್ಟಿ. ನಿಮ್ಮವ್ವಗ ಕೇಳು ಬೇಕಾದ್ರ."

ಅಂಗಡಿಯಲ್ಲಿದ್ದ ಗಿರಾಕಿಗಳು, ಹಮಾಲರು, ಲೆಕ್ಕದವರು ಎಲ್ಲ ಶೇಟಜಿಯನ್ನೇ ನೋಡಿದರು. ಅವರು ಧೋತರ ಸರಿಮಾಡಿಕೊಂಡು, "ಎಷ್ಟು ಬ್ಯಾಳಿ ಬೇಕ್ರಿ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ತೊಗರಿ ಮಾರಲು ವಲಾಂಡಿಯಿಂದ ಬಂದಿದ್ದ ರೈತನೊಬ್ಬ ತಡೆಯಲಾರದೆ ಗಹಗಹಿಸಿದ. ಅತ್ತೆ ಅವನ ಕಡೆ ತಿರುಗಿದಳು. "ಹಲ್ಲು ಛಂದ ಅವ ನಿನ್ನವು. ಕೈ ಹೆಂಗವ ನೋಡಮು. ಈ ಚೀಲ ಎತ್ತಿ ಆಟೋದಾಗ ಇಡು." ಪಾಪ, ತನ್ನ ತೊಗರಿ ಅಲ್ಲೇ ಬಿಟ್ಟು ಎತ್ತಿಟ್ಟ. ಹೋಗುವಾಗ ಅವನೂ ಒಂದು ಕೂಪನ್ ಕೊಂಡುಕೊಂಡ. ಯಾಕೆ ಕೊಂಡೆ ಎಂದು ಅವನಿಗೂ ಗೊತ್ತಿರಲಿಕ್ಕಿಲ್ಲ!

ಊಟದ ದಿನ ನಸುಕಿನಿಂದ ನಾನು ಎಷ್ಟು ಬದನೆಕಾಯಿ ಹೆಚ್ಚಿದೆನೋ ದೇವರೇ ಬಲ್ಲ. ಸೊಂಟ ನನ್ನದೋ ಬೇರೆಯವರದೋ ತಿಳಿಯದಂತಾಗಿತ್ತು. ಪ್ರಾರ್ಥನೆಗೆಂದು ಬೀದರಿನಿಂದ ಹಿರಿಯ ಪಾದ್ರಿಯೊಬ್ಬರು ಬಂದರು. ಬಿಳಿ ನಿಲುವಂಗಿ, ಎದೆಯ ಮೇಲೆ ಶಿಲುಬೆ, ಮುಖದಲ್ಲಿ ಗಾಂಭೀರ್ಯ. ನಮ್ಮ ಸಭಾಪಾಲಕರು ಹಾರ ತರಲು ಒಳಗೆ ಹೋದರು. ಹಾರದೊಂದಿಗೆ ಹೊರಗೆ ಬಂದು ನೋಡಿದರೆ ಹಿರಿಯರು ಬೇವಿನ ನೆರಳಿನಲ್ಲಿ ಬುಟ್ಟಿ ತುಂಬ ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ!

"ಸಾಹೇಬ್ರೇ, ಇದೇನ್ರಿ?"

"ಏನಂತ ಹೇಳಲಿ? ಆ ತಾಯಿ ಕೈಯಾಗ ಕೊಟ್ರು," ಎಂದರು ಹಿರಿಯರು ದೀನರಾಗಿ. "ಹಾರ ಆಮ್ಯಾಲ ಹಾಕ್ರಿ. ಮೊದ್ಲ ಒಂದ್ ಚಾಕು ಕೊಡ್ರಿ."

ಅತ್ತೆ ಹೇಳಿದಂತೆಯೇ ಮೋಂಢಾ ಪೂರ್ತಿ ಬಂತು. ಶೇಟಜಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದರು. ಪೆಂಡಾಲಿನಲ್ಲಿ ಪಂಕ್ತಿ ಎದ್ದಂತೆ ಪಂಕ್ತಿ ಕೂತಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಕೆಟ್ಟು ಹಿಡಿದು ಬೇಳೆ ಬಡಿಸಿದವಳು ಅತ್ತೆಯೇ. ಪ್ರತಿ ಎಲೆಯ ಮುಂದೆ ನಿಂತು ಮುಖ ನೋಡುತ್ತಿದ್ದಳು. "ಹೆಂಗಾಗ್ಯಾದ?" "ಭಾಳ ಛಲೋ ಆಗ್ಯಾದ್ರಿ!" "ಏಕದಮ್ ಛಾನ್, ಸಿಸ್ಟರ್!" ಎಂದು ಎರಡೂ ಭಾಷೆಯಲ್ಲಿ ಹೊಗಳಿಕೆ ಬಂತು. ನನ್ನ ಮುಂದೆಯೂ ನಿಂತಳು. ನಾನೂ ಛಲೋ ಎಂದೆ. ಅವಳು ಏನೋ ಕಾಯುವವಳಂತೆ ಇನ್ನೂ ಸ್ವಲ್ಪ ಹೊತ್ತು ನಿಂತು ಮುಂದೆ ಹೋದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಎಲ್ಲ ಮುಗಿಯಿತು. ಕೂಪನ್ನುಗಳೆಲ್ಲ ಖರ್ಚಾಗಿದ್ದವು. ಮಾಡಿಗೆ ತೊಂದರೆಯಿಲ್ಲವೆಂದು ಸಭಾಪಾಲಕರು ಕುಣಿಯುವುದೊಂದು ಬಾಕಿ. ಅತ್ತೆಗೆ ಹೇಳೋಣವೆಂದು ಹಿತ್ತಲಿಗೆ ಹೋದೆ. ಆರಿದ ಒಲೆಯ ಪಕ್ಕ ತಳದಲ್ಲಿ ಉಳಿದ ಬೇಳೆಯನ್ನು ಸುಮ್ಮನೆ ತಿರುವುತ್ತ ನಿಂತಿದ್ದಳು.

"ಅತ್ತಿ, ಗೆದ್ದಿ ನೀ. ಎಲ್ಲಾರೂ ಖುಷಿ ಆಗ್ಯಾರ. ಬಾ, ಉಣ್ಣು."

"ಬ್ಯಾಳಿಗಿ ಏನಂದ್ರು?"

"ಛಲೋ ಆಗ್ಯಾದ ಅಂದ್ರು."

"ಹೂಂ. ಎಲ್ಲಾರೂ ಹಂಗೇ ಅಂದ್ರು." ಅವಳ ದನಿಯಲ್ಲಿ ಗೆದ್ದವರ ಸಂತೋಷವಿರಲಿಲ್ಲ. "ಉಪ್ಪು ಕಮ್ಮಿ ಹಾಕಿದ್ದೆ ನಾ. ಬೇಕಂತಲೇ."

ನನಗೆ ಅರ್ಥವಾಗಲಿಲ್ಲ.

"ನಾ ಯಾವಾಗ ಬ್ಯಾಳಿ ಮಾಡಿದ್ರೂ ವೈನಿ ಬರ್ತಿದ್ಲು. ಅಂಗೈಯಾಗ ಒಂದು ಗುಟುಕು ಹಾಕ್ಕೊಂಡು, 'ಉಪ್ಪು ಕಮ್ಮಿ ಅದ' ಅಂತಿದ್ಲು. ನಾ ಎಷ್ಟು ಹಾಕಿದ್ರೂ ಆಕಿಗಿ ಕಮ್ಮಿನೇ. ಅಲ್ಲಿಂದ ನಮ್ಮ ಜಗಳ ಚಾಲೂ." ವೈನಿ ಎಂದರೆ ಅವಳಿಗೆ ಅತ್ತಿಗೆ, ನನಗೆ ಅವ್ವ. ಸೌಟು ನಿಂತಿತು. "ಈ ಸಲ ಖರೇನೇ ಕಮ್ಮಿ ಹಾಕ್ದೆ. ಯಾರರ ಒಬ್ರು ಅಂತಾರೇನೋ ನೋಡಮು ಅಂತ. ಇಷ್ಟು ಮಂದಿ ಉಂಡ್ರು. ಒಬ್ರೂ ಅನ್ನಲಿಲ್ಲ."

ಅಷ್ಟು ಮಂದಿಯೂ ಅವಳಿಗೆ ಹೆದರಿ ಸಪ್ಪೆ ಬೇಳೆಯನ್ನು ಹೊಗಳಿ ಉಂಡಿದ್ದರು. ನನಗೋ, ಇಷ್ಟು ತಿಂಗಳಿಂದ ನಾಲಗೆಗೆ ರುಚಿಯೇ ಹತ್ತಿರಲಿಲ್ಲ. ನಾನು ಅವಳ ಕೈಯಿಂದ ಸೌಟು ತೆಗೆದುಕೊಂಡೆ. ಅಂಗೈಗೆ ಸ್ವಲ್ಪ ಬೇಳೆ ಸುರುವಿಕೊಂಡು ಬಾಯಿಗಿಟ್ಟೆ.

"ಅತ್ತಿ, ಉಪ್ಪು ಕಮ್ಮಿ ಅದ."

ಅವಳು ತಟ್ಟನೆ ನನ್ನ ಕಡೆ ತಿರುಗಿದಳು. "ನಿನಗೇನ್ ತಿಳೀತದ? ನಿಮ್ಮವ್ವಗೂ ತಿಳೀತಿದ್ದಿಲ್ಲ!"

"ಕಮ್ಮಿ ಅಂದ್ರ ಕಮ್ಮಿ."

"ಬಾಯಿ ನೋಡು, ಥೇಟ್ ಆಕಿದೇ!" ಎಂದು ಗದರಿದಳು. ಗದರುತ್ತ ಗದರುತ್ತ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಸೆರಗಿನ ಒಳಗಿನಿಂದಲೇ ಕೇಳಿದಳು:

"ಏನಂದಿ? ಇನ್ನೊಮ್ಮಿ ಅನ್ನು."

ಇನ್ನೊಮ್ಮೆ ಅಂದೆ.